ಕಾರ್ಕಿನ ಮೇಲೆ ಎರಡು ಗೆರೆ

ಮಾಮನ ತರಗತಿಯೊಳಗೆ ಶ್ರುತಿ ನೋಡುವ ಡಬ್ಬಿಗೆ ಪ್ರವೇಶವಿರಲಿಲ್ಲ. ಸಂಗೀತಶಾಲೆಯ ಉಳಿದ ಕೋಣೆಗಳಲ್ಲೆಲ್ಲ ಬೆಂಕಿಪೊಟ್ಟಣದಷ್ಟಿದ್ದ ಆ ಡಬ್ಬಿ ಮೇಜಿನ ಮೇಲೆ ಕೂತಿರುತ್ತಿತ್ತು. ಸ್ವರ ಸರಿಯಿದ್ದರೆ ಹಸಿರು ದೀಪ, ತಪ್ಪಿದರೆ ಕೆಂಪು. ಮಾಮನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ದೀಪ ನೋಡ್ಕೊಂಡು ರಸ್ತೆ ದಾಟಿ. ಸ್ವರಕ್ಕೆ ಕಿವಿ ಕೊಡಿ," ಎನ್ನುತ್ತಿದ್ದರು.

ಅವರ ಕ್ರಮವೇ ಬೇರೆ. ನೆಲಮಾಳಿಗೆಯ ಕೋಣೆಯಲ್ಲಿ ನಾವು ಎಂಟು ಜನ ಸ್ಯಾಕ್ಸೋಫೋನ್ ಹಿಡಿದು ಸುತ್ತ ನಿಲ್ಲಬೇಕು. ನಡುವೆ ನಿಂತು ಮಾಮ ತಮ್ಮ ಟೆನರ್ ಸ್ಯಾಕ್ಸಿನಲ್ಲಿ ಒಂದೇ ಒಂದು ಸ್ವರವನ್ನು ಉದ್ದಕ್ಕೆ ಊದುತ್ತಾರೆ. ನಾವೆಲ್ಲ ಅದಕ್ಕೆ ಕೂಡಿಕೊಳ್ಳಬೇಕು. ಸ್ಯಾಕ್ಸಿನ ಬಾಗಿದ ಕತ್ತಿನ ತುದಿಗೆ ಕಾರ್ಕು ಸುತ್ತಿರುತ್ತದೆ, ಅದರ ಮೇಲೆ ಬಾಯಿಗಿಡುವ ಮೌತ್‌ಪೀಸ್ ಕೂರುತ್ತದೆ. ಒಳಗೆ ತಳ್ಳಿದರೆ ಸ್ವರ ಏರುತ್ತದೆ, ಹೊರಗೆ ಎಳೆದರೆ ಇಳಿಯುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೆ ಕಾರ್ಕಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಮಾರನೆಯ ದಿನ ಆ ಗೆರೆಯವರೆಗೆ ತಳ್ಳಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಮಿಕ್ಕ ಅರ್ಧ ಕಿವಿಯದ್ದು. ಗೆರೆಗೂ ಕಿವಿಗೂ ಜಗಳ ಬಂದರೆ ಕಿವಿ ಹೇಳಿದ್ದೇ ಕೊನೆ ಎಂದು ಮಾಮ ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವರ ಕಾರ್ಕಿನ ಮೇಲೆ ಮಾತ್ರ ಗೆರೆಯೇ ಇರಲಿಲ್ಲ. ಅವರಿಗೆ ಬೇಕಾಗಿರಲಿಲ್ಲ.

ಅದು ಒಣಜಂಬವೂ ಅಲ್ಲ. ಹುಟ್ಟಿನಿಂದಲೇ ಅವರಿಗೆ ಅಂಥ ಕಿವಿ. ಇನ್ನೊಂದು ಸ್ವರದ ಪಕ್ಕ ಇಟ್ಟು ಹೋಲಿಸದೆಯೇ ಇದು ಇಂಥದ್ದು ಎಂದು ಹೇಳಿಬಿಡುತ್ತಿದ್ದರು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಮನೆಯವರೆಲ್ಲ ಒಡೆಯಿತಾ ಎಂದು ಕೇಳಿದರೆ, ಇವರು ಅದು ಯಾವ ಸ್ವರದಲ್ಲಿ ಬಿತ್ತು ಎಂದು ಹೇಳುವವರು. "ನೀನು ಆರಿಸಿ ತಂದಿದ್ದು ತಟ್ಟೆಯೋ ತಾಳವೋ ಅಕ್ಕ?" ಎಂದು ನನ್ನ ಅಮ್ಮನನ್ನು ರೇಗಿಸುತ್ತಿದ್ದರು. ಅಮ್ಮ ಅವರಿಗೆ ಆರು ವರ್ಷ ದೊಡ್ಡವಳು. ಮಾಮ ಮದುವೆಯಾಗಲಿಲ್ಲ. ಸಂಜೆ ಊಟ ನಮ್ಮಲ್ಲೇ.

ನಾನು ಊದುತ್ತಿದ್ದದ್ದು ಬ್ಯಾರಿಟೋನ್, ತಂಡದಲ್ಲೇ ಅತಿ ದೊಡ್ಡದು, ಅತಿ ತಗ್ಗಿನ ದನಿಯದು. ನಾನೋ ತರಗತಿಯಲ್ಲೇ ಗಿಡ್ಡಿ. ಮೊದಲ ಸಲ ಅದನ್ನು ಹೊತ್ತು ಮನೆಗೆ ತಂದಾಗ ಅಮ್ಮ ಬಾಗಿಲಲ್ಲೇ ನಿಂತು, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ," ಎಂದಿದ್ದಳು. ಮಾಮನಿಗೆ ಮಾತ್ರ ಅದರಲ್ಲಿ ಹೆಮ್ಮೆ. ಬ್ಯಾರಿಟೋನ್ ಮನೆಯ ತಳಪಾಯ, ಅದು ಅಲ್ಲಾಡಿದರೆ ಮೇಲಿನವರು ಯಾರೂ ನಿಲ್ಲುವುದಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ತರಗತಿಯಲ್ಲಿ ನಾನು ಅವರನ್ನು ಸರ್ ಎನ್ನಬೇಕೆಂಬ ಕಟ್ಟಪ್ಪಣೆಯಿತ್ತು. ನನ್ನ ಬಾಯಿ ತಪ್ಪಿ ತಪ್ಪಿ ಕೊನೆಗೆ ಎಂಟೂ ಜನ ಬೆನ್ನ ಹಿಂದೆ ಅವರನ್ನು ಮಾಮ ಎಂದೇ ಕರೆಯತೊಡಗಿದರು.

ನನಗೆ ಆಗ ಹತ್ತೊಂಬತ್ತು. ಮಾಮನಿಗೆ ಕೆಟ್ಟ ಜ್ವರ ಬಂದು ಹತ್ತು ದಿನ ತರಗತಿ ಇರಲಿಲ್ಲ. ಮರಳಿ ಬಂದ ದಿನ ಎಂದಿನಂತೆ ನಡುವೆ ನಿಂತು ಸ್ವರ ಕೊಟ್ಟರು. ನಾನು ಗೆರೆಯವರೆಗೆ ತಳ್ಳಿಕೊಂಡು ಊದಿದೆ. ಕೂಡಲಿಲ್ಲ. ನನ್ನದು ಮೇಲಿತ್ತು, ಅವರದು ಕೆಳಗೆ. ನನ್ನದೇ ತಪ್ಪೆಂದುಕೊಂಡು ಒಂದು ಅಕ್ಕಿಕಾಳಿನಷ್ಟು ಹೊರಗೆ ಎಳೆದೆ, ಕೂಡಿತು. ತಲೆಯೆತ್ತಿ ನೋಡಿದರೆ ಎದುರಿಗೆ ನಿಂತಿದ್ದ ಮೆಕ್ಯಾನಿಕ್ಕನೂ ಎಳೆದುಕೊಳ್ಳುತ್ತಿದ್ದ. ಅವನು ಆಲ್ಟೊ ಊದುವವನು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುವವನಾದ್ದರಿಂದ ಆ ಹೆಸರು. ಅವನ ಪಕ್ಕದ ಸೊಪ್ರಾನೊ ಹುಡುಗಿ ನೆಲ ನೋಡುತ್ತಿದ್ದಳು. ನೆಲದಲ್ಲಿ ಇದ್ದದ್ದು ಹಳೆಯ ಪಿಯಾನೊದ ಕಾಲುಗಳು ಒತ್ತಿದ ನಾಲ್ಕು ಕುಳಿ ಮಾತ್ರ. ಪಿಯಾನೊವನ್ನು ಎರಡು ವರ್ಷದ ಹಿಂದೆಯೇ ಎತ್ತಿಕೊಂಡು ಹೋಗಿದ್ದರು. ಅದಿದ್ದಿದ್ದರೆ ಮೊದಲ ದಿನವೇ ಎಲ್ಲ ಬಯಲಾಗುತ್ತಿತ್ತು.

ತರಗತಿ ಮುಗಿದ ಮೇಲೆ ಎಂಟು ಜನ ಮೆಟ್ಟಿಲ ಮೇಲೆ ಸೇರಿದೆವು. ಎಲ್ಲರಿಗೂ ಗೊತ್ತಾಗಿತ್ತು, ಯಾರಿಗೂ ಹೇಳುವ ಧೈರ್ಯವಿರಲಿಲ್ಲ.

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು?" ಎಂದ ಮೆಕ್ಯಾನಿಕ್. ಏಳು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. "ನಿನ್ನ ಮಾಮ ತಾನೆ?"

"ಹೇಳ್ತೀನಿ ಬಿಡಿ. ಇವತ್ತೇ ಊಟಕ್ಕೆ ಬರ್ತಾರಲ್ಲ," ಎಂದೆ.

ಸಂಜೆ ಮಾಮ ಬಂದರು. ಕರೆಗಂಟೆ ಒತ್ತಿದರು, ನಾನು ಬಾಗಿಲು ತೆರೆದೆ. ಅವರು ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಮತ್ತೆ ಒತ್ತಿದರು, ಇನ್ನೊಮ್ಮೆ ಒತ್ತಿದರು.

"ಅಕ್ಕ, ಗಂಟೆ ಬದಲಾಯಿಸಿದ್ಯಾ?"

"ಅದೇ ಹಳೇ ಗಂಟೆ ಕಣೋ. ಒಳಗೆ ಬಾ, ಸಾರು ಆರ್ತಿದೆ," ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

ಮಾಮನ ಬೆರಳು ಗುಂಡಿಯ ಮೇಲೇ ಇತ್ತು. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ. ಅವರು ಹೆದರಿದ್ದರು. ಕೋಣೆಯಲ್ಲಿ ಯಾರ ಬಾಯಿಯ ರೀಡ್ ಪಟ್ಟಿ ಸೀಳಿದೆ ಎಂದು ಬಾಗಿಲಾಚೆಯಿಂದಲೇ ಹೇಳುತ್ತಿದ್ದ ಮನುಷ್ಯ ಒಂದು ಕರೆಗಂಟೆಯ ಮುಂದೆ ದಾರಿ ತಪ್ಪಿದ ಮಗುವಿನ ಹಾಗೆ ನಿಂತಿದ್ದರು. ಹೇಳಬೇಕಾಗಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ.

"ಹೊಸ ಬ್ಯಾಟರಿ ಹಾಕಿದೀನಿ ಮಾಮ, ಅದಕ್ಕೇ ಗಂಟೆ ದನಿ ಏರಿದೆ," ಎಂದೆ.

ಅವರ ಭುಜ ಸಡಿಲವಾಯಿತು. "ಅದಕ್ಕೇ ಮತ್ತೆ! ನಂಗೆ ಗೊತ್ತಾಯ್ತು ನೋಡು," ಎಂದು ನನ್ನ ಕಿವಿ ಮೆಲ್ಲಗೆ ಹಿಂಡಿ ಒಳಗೆ ಬಂದರು. ಆ ರಾತ್ರಿ ಎರಡು ತುತ್ತು ಹೆಚ್ಚೇ ಉಂಡರು. ನಾನು ಬ್ಯಾಟರಿ ಮುಟ್ಟಿಯೇ ಇರಲಿಲ್ಲ.

ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಸುಲಭ. ಮಾರನೆಯ ದಿನ ಕಾರ್ಕಿನ ಮೇಲೆ ಮೊದಲ ಗೆರೆಯಿಂದ ಅಕ್ಕಿಕಾಳಿನಷ್ಟು ಆಚೆ ನಾನು ಎರಡನೆಯ ಗೆರೆ ಎಳೆದೆ. ಅದಕ್ಕೆ ಮಾಮನ ಗೆರೆ ಎಂದು ಹೆಸರಾಯಿತು. ವಾರದೊಳಗೆ ಎಂಟೂ ಕಾರ್ಕಿನ ಮೇಲೆ ಅದು ಬಂತು. ಹೊರಗೆ ಬೇರೆಯವರ ಜೊತೆ ಊದುವಾಗ ಮೊದಲ ಗೆರೆ, ನೆಲಮಾಳಿಗೆಯಲ್ಲಿ ಮಾಮನ ಗೆರೆ. ಒಂಬತ್ತು ಜನ ಸೇರಿ ಒಂದೇ ಅಳತೆಗೆ ಇಳಿದರೆ ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಮೆಟ್ಟಿಲ ಮೇಲೆ ನಿಂತು ಕೇಳಿದ ಪ್ರಾಂಶುಪಾಲರು ಎಂಥ ಹೊಂದಾಣಿಕೆ ಎಂದು ಹೊಗಳಿ ಹೋದರು.

ಮಾಮ ತರಗತಿಗೆ ಹಳೆಯ ಜಾಝ್ ರೆಕಾರ್ಡುಗಳನ್ನು ತಂದು ಹಾಕುತ್ತಿದ್ದರು. ಒಂದು ದಿನ, "ಈ ಯಂತ್ರ ಯಾಕೋ ಜೋರಾಗಿ ಓಡ್ತಾ ಇದೆ. ಎಲ್ಲಾ ಸ್ವರಾನೂ ಮೇಲೆ ಹೋಗಿದೆ," ಎಂದು ಮುಖ ಸಿಂಡರಿಸಿದರು. ಮೆಕ್ಯಾನಿಕ್ ತಕ್ಷಣ ಎದ್ದು, "ಬೆಲ್ಟು ಬಿಗಿಯಾಗಿದೆ ಸರ್, ಸರಿಮಾಡ್ತೀನಿ," ಎಂದು ಮುಚ್ಚಳ ತೆಗೆದು, ಸ್ಕ್ರೂಡ್ರೈವರ್ ಆಡಿಸಿದ ನಾಟಕ ಮಾಡಿ, ವೇಗದ ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದ. ಮಾಮ ಕಣ್ಣು ಮುಚ್ಚಿ ಕೇಳಿದರು. "ಹಾಂ, ಈಗ ಸರಿ. ಕೈಯಲ್ಲಿ ಕಸುಬಿದೆ ಕಣೋ ನಿಂಗೆ," ಎಂದರು. ಆ ದಿನ ಮೆಟ್ಟಿಲ ಮೇಲೆ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕಿದ್ದು ನಿಜ, ಬಚ್ಚಿಡುವುದಿಲ್ಲ. ಏನೋ ದೊಡ್ಡ ಉಪಕಾರ ಮಾಡುತ್ತಿದ್ದೇವೆಂಬ ಖುಷಿ ನಮಗೆ. ಇದ್ದಷ್ಟು ದಿನ ಮಾಮನ ಕಿವಿ ಮಾಮನಿಗೇ ಇರಲಿ ಎಂದುಕೊಂಡಿದ್ದೆವು.

ತಿಂಗಳುಗಳು ಕಳೆದವು. ಮಾಮನ ಗೆರೆ ಒಂದೇ ಕಡೆ ನಿಲ್ಲಲಿಲ್ಲ. ಅಳಿಸಿ ಇನ್ನೊಂದು ಅಕ್ಕಿಕಾಳು ಆಚೆ ಎಳೆದೆವು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಆದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂಬ ಹೆದರಿಕೆ ಅಷ್ಟು ಹೊತ್ತಿಗೆ ಮಾಮನ ಮೇಲಿನ ಪ್ರೀತಿಗಿಂತ ದೊಡ್ಡದಾಗಿತ್ತು.

ಆಮೇಲೆ ವಾರ್ಷಿಕ ಕಾರ್ಯಕ್ರಮ ಬಂತು. ಈ ಸಲ ಸ್ಯಾಕ್ಸೋಫೋನ್ ತಂಡದ ಜೊತೆ ಪಿಯಾನೊ ಮೇಡಂ ನುಡಿಸುತ್ತಾರೆ ಎಂದು ಪ್ರಾಂಶುಪಾಲರು ಸೂಚನಾ ಫಲಕದಲ್ಲಿ ಹಾಕಿಸಿದರು. ಪಿಯಾನೊಗೆ ಕಾರ್ಕೂ ಇಲ್ಲ, ಗೆರೆಯೂ ಇಲ್ಲ. ಅದು ಯಾರ ಪ್ರೀತಿಗೂ ಇಳಿಯುವುದಿಲ್ಲ.

ನಮ್ಮ ಉಪಾಯಗಳನ್ನು ಈಗ ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳುವಂತಾಗುತ್ತದೆ. ಪಿಯಾನೊ ಜೊತೆಗಿನ ಅಭ್ಯಾಸದ ದಿನ, ಪ್ರಾಂಶುಪಾಲರು ಕರೆಯುತ್ತಿದ್ದಾರೆಂದು ಹೇಳಿ ಮಾಮನನ್ನು ಮೇಲಿನ ಮಹಡಿಗೆ ಅಟ್ಟಿ, ಮೊದಲ ಗೆರೆಯಲ್ಲಿ ಊದಿ ಮುಗಿಸಿದೆವು. ಇನ್ನುಳಿದದ್ದು ಒಂದೇ ತೊಡಕು. ನಿಧಾನದ ಆ ಹಾಡಿನ ಮೊದಲ ಅರ್ಧ ನಿಮಿಷ ಮಾಮನ ಟೆನರ್ ಒಂಟಿಯಾಗಿ ನುಡಿಯಬೇಕು, ಆಮೇಲೆ ಪಿಯಾನೊ, ಅದರ ಹಿಂದೆ ನಾವು. ಅದಕ್ಕೂ ಉಪಾಯವಿತ್ತು. ವೇದಿಕೆ ಹತ್ತುವ ಮೊದಲು ಮಾಮ ತಲೆ ಬಾಚಿಕೊಳ್ಳಲು ಹೋದಾಗ ನಾನು ಅವರ ಮೌತ್‌ಪೀಸನ್ನು ಎರಡು ಅಕ್ಕಿಕಾಳಿನಷ್ಟು ಒಳಗೆ ತಳ್ಳಬೇಕು.

ತಳ್ಳಿದೆ. ಬೇರೆಯವರ ವಾದ್ಯ ಮುಟ್ಟಬಾರದೆಂದು ಹೇಳಿಕೊಟ್ಟವರೂ ಅವರೇ. ಮಾಮ ಬಂದರು, ಟೆನರನ್ನು ಕೊರಳಿಗೆ ಹಾಕಿದ್ದ ಪಟ್ಟಿಗೆ ಸಿಕ್ಕಿಸಿ ಪಿಸುಮಾತಿನಷ್ಟು ಮೆಲ್ಲಗೆ ಒಂದು ಸ್ವರ ಊದಿದರು. ಹುಬ್ಬು ಗಂಟಿಕ್ಕಿತು.

"ಯಾರೋ ಮುಟ್ಟಿದಾರೆ," ಎಂದು ಮೌತ್‌ಪೀಸನ್ನು ಮೊದಲಿದ್ದ ಜಾಗಕ್ಕೇ ಎಳೆದುಕೊಂಡರು. ನಾನು ಪರದೆಯ ಮಡಿಕೆ ನೋಡುತ್ತಾ ನಿಂತೆ.

ಮಾಮನ ಅರ್ಧ ನಿಮಿಷ ಸೊಗಸಾಗಿತ್ತು. ಒಂಟಿಯಾಗಿದ್ದಾಗ ಅದು ತಪ್ಪೆಂದು ಹೇಳುವವರು ಯಾರು? ಮೊದಲ ಸಾಲಿನಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ಪಿಯಾನೊ ಮೇಡಂ ಬೆರಳಿಟ್ಟರು. ಹಲ್ಲಿನ ನಡುವೆ ಮರಳು ಸಿಕ್ಕಿದಂತಾಯಿತು. ನಾವು ಎಂಟು ಜನ ಪಿಯಾನೊ ಜೊತೆ ನಿಲ್ಲಬೇಕೆಂದು ಮಾತಾಗಿತ್ತು, ನಿಂತೂ ನಿಂತೆವು. ಮಾಮ ಬೆಚ್ಚಿ ನಮ್ಮ ಕಡೆ ತಿರುಗಿದರು, ಊದುತ್ತಲೇ. ಒಂಬತ್ತು ವಾದ್ಯಗಳ ಎದುರು ಅವರೊಬ್ಬರೇ. ಆ ಕಣ್ಣುಗಳನ್ನು ನೋಡಲಾರದೆ ನಾನು ಒಂದು ಸ್ವರದ ನಡುವೆಯೇ ಮೌತ್‌ಪೀಸನ್ನು ಹೊರಗೆಳೆದು ಮಾಮನ ಗೆರೆಗೆ ಬಂದೆ. ಸೊಪ್ರಾನೊ ಹುಡುಗಿಯೂ ಎಳೆದಳು. ಇನ್ನಿಬ್ಬರು ಎಳೆದರು. ಮೆಕ್ಯಾನಿಕ್ ಮತ್ತು ಉಳಿದ ಮೂವರು ಪಿಯಾನೊ ಜೊತೆಯೇ ನಿಂತರು. ಆವರೆಗೆ ಒಬ್ಬರದ್ದಾಗಿದ್ದ ಅಪಸ್ವರ ಈಗ ಇಡೀ ವೇದಿಕೆಯದ್ದಾಯಿತು.

ಮಾಮ ಕೈಯೆತ್ತಿ ನಿಲ್ಲಿಸಿದರು. "ಪಿಯಾನೊ ಏರಿದೆ ಮೇಡಂ," ಎಂದರು, ಸೌಜನ್ಯದಿಂದಲೇ.

"ಇವತ್ತು ಬೆಳಿಗ್ಗೆ ತಾನೆ ಶ್ರುತಿ ಮಾಡಿಸಿದ್ದು ಸರ್," ಎಂದರು ಪಿಯಾನೊ ಮೇಡಂ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮಾಮ ನಮ್ಮ ಕಡೆ ತಿರುಗಿದರು. ಒಬ್ಬೊಬ್ಬರನ್ನೇ ದಾಟಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. "ನೀನು ಹೇಳು. ಯಾರು ಸರಿ?"

ಹತ್ತು ತಿಂಗಳಲ್ಲಿ ಅವರೇ ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. "ನೀವೇ ಸರಿ ಸರ್. ನಾವೇ ತಪ್ಪಿದ್ದು," ಎಂದೆ.

ಮಾಮ ಸಭೆಗೆ ಕೈಮುಗಿದರು. "ಮಕ್ಕಳು ಹೆದರಿಬಿಟ್ಟಿದಾರೆ. ಕ್ಷಮಿಸ್ಬೇಕು," ಎಂದು ನಮ್ಮ ಪರವಾಗಿ ಬೇಡಿಕೊಂಡರು. ಆಮೇಲೆ ಪಿಯಾನೊ ಬಿಟ್ಟು, ಮಾಮನ ಗೆರೆಯಲ್ಲೇ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಊದಿದೆವು. ಪಿಯಾನೊ ಮೇಡಂ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಚಪ್ಪಾಳೆ ಬೇಕಾದ್ದಕ್ಕಿಂತ ಹೆಚ್ಚೇ ಬಿತ್ತು.

ಮಾರನೆಯ ದಿನ ಮಾಮ ಸಿಟ್ಟಿನಲ್ಲಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಲ್ಲ, ಆದರೆ ಶ್ರುತಿಯ ವಿಷಯದಲ್ಲಿ ಅವರು ಸೋತದ್ದೇ ಇಲ್ಲವಲ್ಲ. "ಎಲ್ಲರೂ ಕತ್ತು ಬಿಚ್ಚಿ ಮೇಜಿನ ಮೇಲಿಡಿ. ಹಳೇ ಗೆರೆ ಅಳಿಸಿ ಮೊದಲಿಂದ ಶುರು ಮಾಡೋಣ," ಎಂದರು. ನಮಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಎಂಟು ಹಿತ್ತಾಳೆಯ ಕತ್ತುಗಳು ಮೇಜಿನ ಮೇಲೆ ಸಾಲಾಗಿ ಮಲಗಿದವು.

ಮಾಮ ರಬ್ಬರು ಹಿಡಿದು ಬಂದರು. ಮೊದಲನೆಯದನ್ನು ಎತ್ತಿದರು, ಕನ್ನಡಕ ಸರಿಮಾಡಿಕೊಂಡರು, ಇಟ್ಟರು. ಎರಡನೆಯದು, ಮೂರನೆಯದು. ಎಂಟನ್ನೂ ನೋಡಿದರು. ಕಣ್ಣು ಚೆನ್ನಾಗಿಯೇ ಇತ್ತು ಅವರಿಗೆ. ಎಂಟರ ಮೇಲೂ ಎರಡೆರಡು ಗೆರೆ, ನಡುವೆ ಒಂದೇ ಅಳತೆಯ ಅಂತರ.

"ಎರಡು ಯಾಕೆ?"

ಮೇಲಿನ ಮಹಡಿಯ ನೃತ್ಯದ ತರಗತಿಯವರು ಕುಣಿಯುತ್ತಿದ್ದರು, ಚಾವಣಿ ದಡದಡ ಎನ್ನುತ್ತಿತ್ತು. ಮಾಮ ನನ್ನ ಬ್ಯಾರಿಟೋನಿನ ಕತ್ತನ್ನು ಎತ್ತಿಕೊಂಡು ನನ್ನ ಮುಂದೆ ಹಿಡಿದರು. ಅಷ್ಟು ಹೊತ್ತಿಗೆ ದನಿಯಿಂದ ಸಿಟ್ಟು ಇಳಿದುಹೋಗಿತ್ತು.

"ಇದ್ರಲ್ಲಿ ನಂದು ಯಾವುದು?"

ನಾನು ಕಿರುಬೆರಳಿನಿಂದ ಎರಡನೆಯ ಗೆರೆಯನ್ನು ಮುಟ್ಟಿ ತೋರಿಸಿದೆ.

"ಯಾವಾಗಿಂದ?"

"ಜ್ವರ ಬಂದು ಹೋದ ಮೇಲೆ."

ಅವರು ಕುರ್ಚಿಯ ಮೇಲೆ ಕೂತರು. ರಬ್ಬರನ್ನು ಬೆರಳ ನಡುವೆ ಹೊರಳಿಸಿದರು. ಮೆಕ್ಯಾನಿಕ್ಕಿನ ಕಡೆ ನೋಡಿ, "ಬೆಲ್ಟು ಬಿಗಿಯಾಗಿರ್ಲಿಲ್ಲ ಅಲ್ವೇನೋ?" ಎಂದರು. ಅವನು ಅಳತೊಡಗಿದ. ಆಮೇಲೆ ನನ್ನ ಕಡೆ ತಿರುಗಿದರು.

"ಕರೆಗಂಟೆ?"

"ಬ್ಯಾಟರಿ ಹಾಕಿರ್ಲಿಲ್ಲ ಮಾಮ," ಎಂದೆ. ತರಗತಿಯಲ್ಲಿ ಮಾಮ ಎಂದದ್ದಕ್ಕೆ ಅವರು ಬಯ್ಯಲಿಲ್ಲ.

ವೈದ್ಯರ ಹತ್ತಿರ ಕರೆದುಕೊಂಡು ಹೋದವರು ನಾನು ಮತ್ತು ಅಮ್ಮ. ಕಿವಿಗೆ ಬಟ್ಟಲು ಕಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಗಂಟೆಗಟ್ಟಲೆ ಪರೀಕ್ಷೆ ಮಾಡಿದರು. ಒಳಗಿವಿಯಲ್ಲಿ ಉರಿಯೂತ, ಜ್ವರದ ಜೊತೆ ಶುರುವಾದದ್ದು, ಮೆಲ್ಲಗೆ ಒಳಗೊಳಗೇ ತಿನ್ನುತ್ತಾ ಬಂದಿದೆ ಎಂದರು. ಈಗ ಸ್ವರಗಳು ಇದ್ದ ಜಾಗದಲ್ಲಿ ಕೇಳುತ್ತಿಲ್ಲ, ಮುಂದೆ ಕೇಳುವುದೇ ಕಡಿಮೆಯಾಗುತ್ತದೆ.

"ಔಷಧ ಇಲ್ವಾ?" ಎಂದಳು ಅಮ್ಮ.

"ಇತ್ತು. ಮೊದಲ ಎರಡು ಮೂರು ವಾರದಲ್ಲಿ ಬಂದಿದ್ರೆ ಬಹುಮಟ್ಟಿಗೆ ಉಳಿಸ್ಕೋಬಹುದಿತ್ತು." ವೈದ್ಯರು ಕಾಗದದ ಮೇಲೆ ಮಾಮನ ಉದ್ಯೋಗ ಓದಿ ತಲೆಯೆತ್ತಿದರು. "ಸಂಗೀತಶಾಲೇಲಿ ಇರೋರು ನೀವು. ಇಷ್ಟು ತಿಂಗಳು ಒಬ್ಬರ ಕಿವಿಗೂ ಬೀಳ್ಲಿಲ್ವಾ?"

ಮಾಮ ನನ್ನನ್ನು ತೋರಿಸಲಿಲ್ಲ. "ಇಲ್ಲ ಡಾಕ್ಟ್ರೇ, ಯಾರಿಗೂ ಗೊತ್ತಾಗ್ಲಿಲ್ಲ," ಎಂದರು. ನನಗಾಗಿ ಅವರು ಸುಳ್ಳು ಹೇಳಿದರು. ನಾನು ಮಡಿಲಲ್ಲಿದ್ದ ಅಮ್ಮನ ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ.

ಮನೆಗೆ ಬಂದ ಮೇಲೆ ಅಮ್ಮ, "ಹೋಗ್ಲಿ ಬಿಡೆ. ಪ್ರೀತಿಯಿಂದ ಮಾಡಿದ್ದು ತಾನೆ," ಎಂದು ನನ್ನ ಬೆನ್ನು ಸವರಿದಳು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಪ್ರೀತಿಯಂತೆ! ಕರೆಗಂಟೆಯ ಮುಂದೆ ನಿಂತು ಅವರು ಹೆದರಿದ್ದರು. ಹೆದರಿದವರು ವೈದ್ಯರ ಹತ್ತಿರ ಹೋಗುತ್ತಿದ್ದರು. ಆ ಹೆದರಿಕೆ ಅವರನ್ನು ಕಾಪಾಡುವುದಿತ್ತು, ನಾನು ಅದನ್ನು ಒಂದು ಬ್ಯಾಟರಿಯ ಹೆಸರು ಹೇಳಿ ಕಿತ್ತುಕೊಂಡೆ.

ಮಾಮ ರಾಜೀನಾಮೆ ಕೊಟ್ಟರು. ಕೊನೆಯ ತರಗತಿಗೆ ಬಂದರು. ಎಂಟು ಜನ ಎಂದಿನಂತೆ ಸುತ್ತ ನಿಂತೆವು. ನಡುವಿನ ಜಾಗಕ್ಕೆ ಅವರು ಬರಲಿಲ್ಲ, ನನ್ನನ್ನು ಕರೆದು ಅಲ್ಲಿ ನಿಲ್ಲಿಸಿದರು. "ಇನ್ಮೇಲೆ ನೀನು ಕೊಡು ಸ್ವರ," ಎಂದರು. ನಾನು ಮೊದಲ ಗೆರೆಯವರೆಗೆ ತಳ್ಳಿಕೊಂಡು ಊದಿದೆ. ಉಳಿದ ಏಳು ಜನ ಕೂಡಿಕೊಂಡರು. ಮಾಮನ ಮುಖ ಹುಳಿ ತಿಂದ ಹಾಗಾಯಿತು, ಆದರೂ ಬೇಡವೆನ್ನಲಿಲ್ಲ. ತಮ್ಮ ಟೆನರನ್ನು ನನ್ನ ಮುಂದೆ ಚಾಚಿದರು, ಜೇಬಿನಿಂದ ಪೆನ್ಸಿಲ್ ತೆಗೆದು ಕೊಟ್ಟರು.

"ನಾನು ಊದ್ತೀನಿ. ಸರಿ ಹೋದ ಜಾಗದಲ್ಲಿ ಗೆರೆ ಎಳಿ."

ಏಳು ಜನ ಹಿಡಿದಿದ್ದ ಸ್ವರದ ಮೇಲೆ ಮಾಮ ಊದಿದರು, ನಾನು ಮೌತ್‌ಪೀಸನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒಳಗೆ ತಳ್ಳುತ್ತಾ ಹೋದೆ. ಒಂದು ಕಡೆ ಬಂದು ಎಲ್ಲವೂ ಕೂಡಿತು, ಕೋಣೆಯ ಗೋಡೆಗಳೇ ಹತ್ತಿರ ಬಂದಂತಾಯಿತು. ಆ ನುಣುಪಾದ ಕಾರ್ಕಿನ ಮೇಲೆ ನಾನು ಮೊದಲ ಗೆರೆ ಎಳೆದೆ. ಕಣ್ಣು ಮಂಜಾಗಿ ಗೆರೆ ಸ್ವಲ್ಪ ಸೊಟ್ಟಗಾಯಿತು.

"ಸರಿ ಇದೆಯಾ?" ಎಂದರು ಮಾಮ.

"ಸರಿ ಇದೆ ಮಾಮ."

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ, ಅಣಕವಿರಲಿಲ್ಲ. ನಿಜಕ್ಕೂ ತಿಳಿಯದವರ ಹಾಗೆ ಕೇಳಿದರು. "ಹೇಗೆ ನಂಬ್ಲಿ ಹೇಳು?"

ಮಾಮ ಟೆನರನ್ನು ಕೊರಳಲ್ಲೇ ಹೊತ್ತು ಮೆಟ್ಟಿಲು ಹತ್ತಿ ಹೋದರು. ಪಿಯಾನೊ ಮೇಡಂ ಅವರ ಕೋಣೆಯಲ್ಲಿದ್ದ ಶ್ರುತಿ ನೋಡುವ ಡಬ್ಬಿಯನ್ನು ಹಿಡಿದು ಇಳಿದು ಬಂದು ನಮ್ಮ ಮೇಜಿನ ಮೇಲಿಟ್ಟರು. ಅದನ್ನು ಹೇಗೆ ಹಚ್ಚುವುದೆಂದು ಗೊತ್ತಾಗದೆ ಮೆಕ್ಯಾನಿಕ್ಕಿನ ಕಡೆ ನೋಡಿದರು, ಅವನು ಗುಂಡಿ ಒತ್ತಿಕೊಟ್ಟ. ಮೌತ್‌ಪೀಸ್ ನನ್ನ ಗೆರೆಯ ಮೇಲೇ ಇದೆಯೆಂದು ನೋಡಿಕೊಂಡು ಮಾಮ ಊದಿದರು.

ದೀಪ ಹಸಿರಾಯಿತು. ಉಸಿರು ಮುಗಿಯುವವರೆಗೂ ಅವರು ಆ ಸ್ವರವನ್ನು ಬಿಡಲಿಲ್ಲ. ನಾನು ಎದುರಿಗೇ ನಿಂತಿದ್ದೆ. ಅವರು ದೀಪವನ್ನು ನೋಡುತ್ತಿದ್ದರು.